ಅಂಟಿಕೊಂಡ ಎರಡು ಚುಕ್ಕೆ

ಗೌಹರ್‌ಗೆ ಯಾರ ಮಾತಿನ ಮೇಲೂ ಸುಲಭಕ್ಕೆ ನಂಬಿಕೆ ಬರುತ್ತಿರಲಿಲ್ಲ. ಅದು ಅವಳ ತಪ್ಪಲ್ಲ, ಅವಳ ನೌಕರಿಯ ತಪ್ಪು. ವಿಮಾ ಕಂಪನಿಯೊಂದಕ್ಕೆ ಬರುವ ಆಸ್ಪತ್ರೆ ಬಿಲ್ಲುಗಳನ್ನು ಗಂಗಾನಗರದ ಮನೆಯಲ್ಲೇ ಕೂತು ಪರಿಶೀಲಿಸುವುದು ಅವಳ ಕೆಲಸ. ಇಲ್ಲದ ಜ್ವರಕ್ಕೆ ಡ್ರಿಪ್ ಹಾಕಿಸಿಕೊಂಡವರು, ಮದುವೆಮನೆಯಲ್ಲಿ ಊಟ ಮಾಡುತ್ತಲೇ ಆಸ್ಪತ್ರೆಯಲ್ಲಿ ಮಲಗಿದ್ದವರು, ಇಂಥವರನ್ನು ಹಿಡಿದು ಹಿಡಿದು ಕಣ್ಣು ಪಳಗಿಹೋಗಿತ್ತು. ಹಾಲು ಒಂದಿಷ್ಟು ತೆಳ್ಳಗಾದರೂ ಹಾಲಿನವನ ಬೆಂಡೆತ್ತದೆ ಬಿಡುತ್ತಿರಲಿಲ್ಲ. ಆರ್.ಟಿ. ನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ ಮುದಸ್ಸಿರ್ ತಡವಾಗಿ ಮನೆಗೆ ಬಂದರೆ, ಅವನ ಮುಖ ನೋಡುವ ಮೊದಲು ಬೂಟು ನೋಡುತ್ತಿದ್ದಳು. ಬೂಟಿಗೆ ಕೆರೆ ದಂಡೆಯ ಮಣ್ಣು ಮೆತ್ತಿದ್ದರೆ ಓಡಲು ಹೋಗಿದ್ದ ಎಂದು ಸಮಾಧಾನ. ಮಣ್ಣಿಲ್ಲದಿದ್ದರೆ ಅಂದು ರಾತ್ರಿ ಊಟಕ್ಕೆ ಮೊದಲು ವಿಚಾರಣೆ.

ಅಂಥವಳ ಫೋನಿನಲ್ಲಿ ಈಗ ಕೆಲವು ದಿನಗಳಿಂದ ಒಂದು ನಕ್ಷೆ ತೆರೆದೇ ಇತ್ತು. ನಕ್ಷೆಯ ತುಂಬ ಹಳದಿ ಬಣ್ಣ. ಊರಿಲ್ಲ, ರಸ್ತೆಯಿಲ್ಲ, ಒಂದು ಗೀಟೂ ಇಲ್ಲ. ಅರೇಬಿಯಾದ ಆ ಮಹಾ ಮರುಭೂಮಿಗೆ ಅಲ್ಲಿನವರು ರುಬ್ ಅಲ್ ಖಾಲಿ ಎನ್ನುತ್ತಾರಂತೆ. ಖಾಲಿ ಎಂಬ ಮಾತು ಗೌಹರ್‌ಗೆ ಮನೆಮಾತಿನಿಂದಲೇ ಗೊತ್ತು, ಬಿಡಿಸಿ ಹೇಳುವವರು ಬೇಕಿರಲಿಲ್ಲ. ಆ ಖಾಲಿಯ ನಡುವೆ ಒಂದು ಹಸಿರು ಚುಕ್ಕೆ, ಒಂದು ಕೆಂಪು ಚುಕ್ಕೆ. ಹಸಿರು ಮುದಸ್ಸಿರ್. ಕೆಂಪು ಅವನ ಜೊತೆಗಾರ ಸುನೀಲ್, ಅಲ್ಲಾಳಸಂದ್ರದ ಹಳೇ ಮನೆತನದವನು, ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರು. ಇಬ್ಬರೂ ದಪ್ಪ ಗಾಲಿಯ ನೀರಿನ ಗಾಡಿಯನ್ನು ಸೊಂಟಕ್ಕೆ ಬಿಗಿದುಕೊಂಡು, ಓಮಾನ್ ಕಡೆಯಿಂದ ಆ ಮರಳನ್ನು ಕಾಲಿನಲ್ಲೇ ಓಡಿ ದಾಟಲು ಹೊರಟಿದ್ದರು. ಇಬ್ಬರ ಎದೆಪಟ್ಟಿಯಲ್ಲೂ ಒಂದೊಂದು ಪುಟ್ಟ ಟ್ರ್ಯಾಕರ್. ಅವು ಉಪಗ್ರಹಕ್ಕೆ ತಾವಿರುವ ಜಾಗ ತಿಳಿಸುತ್ತಿದ್ದವು. ಎರಡು ಸಾಲಿನ ಮೆಸೇಜನ್ನೂ ಹೊತ್ತು ತರುತ್ತಿದ್ದವು. ಮುದಸ್ಸಿರನ ಚಿಕ್ಕಮ್ಮನ ಮಗ ರಿಯಾಜ್ ಸಲಾಲಾದಲ್ಲಿ ಕೆಲಸಕ್ಕಿದ್ದವನು, ರಜೆ ಹಾಕಿ ಜೀಪಿನಲ್ಲಿ ದೂರದಿಂದ ಹಿಂಬಾಲಿಸುತ್ತಿದ್ದ. ನಿಯಮ ಒಂದೇ: ಜೋಡಿಯಾಗಿ ಹೊರಟವರು ಜೋಡಿಯಾಗಿಯೇ ಮುಟ್ಟಬೇಕು. ಒಬ್ಬ ಜೀಪು ಹತ್ತಿದರೆ ಇಬ್ಬರ ದಾಖಲೆಯೂ ಹೋಯಿತು.

ಮುದಸ್ಸಿರ್ ನಮಾಜು ಬಿಡುವವನಲ್ಲ. ಮಧ್ಯಾಹ್ನದ್ದು ಬಿಸಿಲಿಗೆ ಇಬ್ಬರೂ ಗುಡಾರದಲ್ಲಿ ಬಿದ್ದಿರುವಾಗ ಆಗಿಹೋಗುತ್ತಿತ್ತು. ಮುಸ್ಸಂಜೆಯದು, ರಾತ್ರಿಯದು, ಬೆಳಗಿನ ಜಾವದ್ದು ತಂಗಿದ ಕಡೆಯೇ. ಇಳಿಹೊತ್ತಿನ ಅಸರ್ ನಮಾಜು ಮಾತ್ರ ಓಟದ ನಡುವೆಯೇ ಬರುತ್ತಿತ್ತು. ಅಲ್ಲಾಳಸಂದ್ರ ಕೆರೆ ಸುತ್ತ ಅಭ್ಯಾಸ ಮಾಡುವಾಗಲೂ ಹಾಗೇ. ಮುದಸ್ಸಿರ್ ಬೂಟು ಬಿಚ್ಚಿ ಮರದಡಿ ನಿಲ್ಲುತ್ತಿದ್ದ, ಸುನೀಲ್ ನಿಲ್ಲದೆ ಇನ್ನೊಂದು ಸುತ್ತಿಗೆ ಹೊರಡುತ್ತಿದ್ದ. "ನಾನ್ ನಿಂತ್ರೆ ಮೀನಖಂಡ ಹಿಡ್ಕೊಂಡ್ಬಿಡ್ತದೆ ಭಾಭಿ. ಇವ್ನು ದೇವ್ರ ಹತ್ರ ಮಾತಾಡ್ಕೊಂಡ್ ಬರ್ಲಿ, ನಾನ್ ಮುಂದೆ ಹೋಗಿರ್ತೀನಿ" ಎಂದು ನಗುತ್ತಿದ್ದ.

ಮರುಭೂಮಿಯಲ್ಲೂ ದಿನಾ ಇದೇ ಆಟ. ಗೌಹರ್ ಸಂಜೆ ಚಹಾ ಲೋಟ ಹಿಡಿದು ಕೂತಾಗ ಹಸಿರು ಚುಕ್ಕೆ ನಿಲ್ಲುತ್ತಿತ್ತು. ಕೆಂಪು ಚುಕ್ಕೆ ಮುಂದೆ ಮುಂದೆ ತೆವಳುತ್ತಿತ್ತು. ಸ್ವಲ್ಪ ಹೊತ್ತಿಗೆ ಹಸಿರು ಹೊರಟು ಕೆಂಪನ್ನು ಹಿಡಿಯುತ್ತಿತ್ತು. ಅವನು ಬೂಟಿನೊಳಗಿನ ಮರಳು ಕೊಡವುವುದು ಕೂಡ ಅವಳಿಗೆ ಕಂಡಂತಾಗುತ್ತಿತ್ತು. ಹೀಗೆ ಕಾದು ಕೂರುತ್ತಾಳೆಂದು ಮುದಸ್ಸಿರನಿಗೂ ಗೊತ್ತಿತ್ತು. "ಇವತ್ತು ನಿಂತಿದ್ದೆ, ನೋಡಿದೆಯೋ ಇಲ್ಲವೋ" ಎಂದು ಮೊದಲ ದಿನವೇ ಕೆಣಕಿ ಬರೆದಿದ್ದ.

ನಿನ್ನೆ ಹಸಿರು ಚುಕ್ಕೆ ನಿಲ್ಲಲಿಲ್ಲ.

ನಿಲ್ಲದಿದ್ದುದಷ್ಟೇ ಅಲ್ಲ. ನಿನ್ನೆ ಬೆಳಗಿನಿಂದ ಎರಡೂ ಚುಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ನಕ್ಷೆಯನ್ನು ಎಷ್ಟು ಹಿಗ್ಗಿಸಿ ನೋಡಿದರೂ ಹಸಿರಿನ ಮೇಲೆ ಕೆಂಪು, ಕೆಂಪಿನ ಮೇಲೆ ಹಸಿರು. ಅಷ್ಟು ದಿನ ಓಡಿದ ಇಬ್ಬರು ಗಂಡಸರು ಹೀಗೆ ಭುಜಕ್ಕೆ ಭುಜ ತಾಗಿಸಿಕೊಂಡು ಹೋಗುತ್ತಾರೆಯೇ? ಒಬ್ಬ ಹಿಂದೆ ಬೀಳಬೇಕು, ಒಬ್ಬ ಉಚ್ಚೆಗೆ ನಿಲ್ಲಬೇಕು, ಜಗಳವಾಡಿ ದೂರವಾದರೂ ಆಗಬೇಕು. ಗೌಹರ್ ಮುದಸ್ಸಿರನಿಗೆ ಮೆಸೇಜು ಹಾಕಿ ಹೇಗಿದ್ದೀಯ ಎಂದು ಕೇಳಿದಳು. ಇಬ್ಬರೂ ಚೆನ್ನಾಗಿದ್ದೇವೆ ಎಂದು ಉತ್ತರ ಬಂತು. ಕೇಳಿದ್ದು ಅವನನ್ನು. ಈ ಇಬ್ಬರೂ ಎಂಬುದು ಎಲ್ಲಿಂದ ಬಂತು?

ಇವತ್ತು ಮಧ್ಯಾಹ್ನ ರಿಯಾಜನ ವಾಟ್ಸಾಪ್ ತೆರೆದು ನೋಡಿದಳು. ವಾರದಿಂದ ಸತ್ತಂತಿದ್ದ ಅಕೌಂಟು ಜೀವಂತವಾಗಿತ್ತು. ಫೋನು ಮಾಡಿದರೆ ಎತ್ತಲಿಲ್ಲ. ಬದಲಿಗೆ, "ಆಲ್ ಓಕೆ ಭಾಭಿ, ಇಲ್ಲಿ ಸಿಗ್ನಲ್ ಇಲ್ಲ" ಎಂದು ಬರೆದ. ಸಿಗ್ನಲ್ ಇಲ್ಲವೆಂದು ವಾಟ್ಸಾಪಿನಲ್ಲೇ ಬರೆಯುವ ಬುದ್ಧಿವಂತ! ಆ ಮರಳಿನಲ್ಲಿ ಫೋನು ಹತ್ತುವುದಿಲ್ಲ. ಅಂದರೆ ಜೀಪು ಮರಳಿನಲ್ಲಿಲ್ಲ, ಯಾವುದೋ ಊರಲ್ಲಿದೆ. ಓಟಗಾರರನ್ನು ಬಿಟ್ಟು ಜೀಪು ಊರಿಗೇಕೆ ಹೋಗುತ್ತದೆ?

ಸುಳ್ಳು ಬಿಲ್ಲು ಬಿಡಿಸುವ ಕೈಗೆ ಇದನ್ನು ಬಿಡಿಸಲು ಬಹಳ ಹೊತ್ತು ಬೇಕಾಗಲಿಲ್ಲ. ಮುದಸ್ಸಿರ್ ಬಿದ್ದಿದ್ದಾನೆ. ರಿಯಾಜ್ ಅವನನ್ನು ಆಸ್ಪತ್ರೆಗೆ ಒಯ್ದಿದ್ದಾನೆ. ದಾಖಲೆ ಹೋಗಬಾರದೆಂದು ಸುನೀಲ್ ಎರಡೂ ಟ್ರ್ಯಾಕರನ್ನು ತನ್ನ ಎದೆಗೇ ಕಟ್ಟಿಕೊಂಡು ಓಡುತ್ತಿದ್ದಾನೆ. ಇಲ್ಲದಿದ್ದರೆ ಅಸರ್ ಹೊತ್ತಿಗೆ ಹಸಿರು ಚುಕ್ಕೆ ನಿಲ್ಲದೆ ಇರುತ್ತಿತ್ತೇ? ಸುನೀಲನಿಗೆ ಅದೆಲ್ಲ ಎಲ್ಲಿ ನೆನಪಿರಬೇಕು!

ಸುನೀಲನ ಹೆಂಡತಿ ಯಶೋಧಾಳಿಗೆ ಇದು ಗೊತ್ತಿಲ್ಲದೆ ಇರುವುದಿಲ್ಲ ಎಂದುಕೊಂಡು, ಲ್ಯಾಪ್‌ಟಾಪು ಮುಚ್ಚಿ, ಸ್ಕೂಟರ್ ಹತ್ತಿದಳು. ಹೆಬ್ಬಾಳದ ಫ್ಲೈಓವರ್ ಮೇಲೆ ಎಂದಿನಂತೆ ಗಾಡಿಗಳು ನಿಂತೇ ಇದ್ದವು. ಅಲ್ಲಿ ನಿಂತಷ್ಟು ಹೊತ್ತೂ ಅವಳು ಮನಸ್ಸಿನಲ್ಲಿ ಯಶೋಧಾಳನ್ನು ಕಟಕಟೆಗೆ ಹತ್ತಿಸಿ ಇಳಿಸಿ ಮಾಡಿದಳು.

ಅಲ್ಲಾಳಸಂದ್ರದ ಆ ಮನೆಯ ಜಗುಲಿಯಲ್ಲಿ ಸುನೀಲನ ತಂದೆ ಮುನಿವೆಂಕಟಯ್ಯನವರು ಕೂತಿದ್ದರು. ಇವಳನ್ನು ಕಂಡವರೇ ತಮ್ಮ ಎಂದಿನ ಫಿರ್ಯಾದು ಶುರು ಮಾಡಿದರು.

"ಬಾ ತಾಯಿ. ಅಲ್ಲ, ನಮ್ ಕೆರೆ ಸುತ್ತ ಓಡಾದ್ ಸಾಲ್ದೆ ಓಯ್ತಾ ಇವ್ರಿಗೆ? ನೆಳ್ಳಿಲ್ಲ ನೀರಿಲ್ಲ, ಅಲ್ಲೋಗಿ ಇಂಗೆ ಸಾಯ್ಬೇಕಾ? ನಿನ್ ಗಂಡಂಗಾದ್ರೂ ಬುದ್ಧಿ ಬ್ಯಾಡ್ವಾ?"

"ನಾನೂ ಅದನ್ನೇ ಕೇಳೋಕ್ ಬಂದಿದ್ದು ಮಾಮಾ" ಎಂದು ಗೌಹರ್ ಒಳಗೆ ಹೋದಳು.

ಯಶೋಧಾ ಸೋಫಾದಲ್ಲಿ ಕೂತಿದ್ದಳು. ಬ್ಯಾಟರಾಯನಪುರದಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಹೆಂಗಸು, ಈ ಹೊತ್ತಿನಲ್ಲಿ ಗಿರಾಕಿಗಳ ಹುಬ್ಬು ತಿದ್ದುತ್ತಿರಬೇಕಾದವಳು, ಮನೆಯಲ್ಲಿದ್ದಳು. ಗೌಹರಳನ್ನು ನೋಡುತ್ತಲೇ ಕೈಯಲ್ಲಿದ್ದ ಫೋನನ್ನು ಮಗುಚಿ ಇಟ್ಟಳು.

"ಬನ್ನಿ ಅಕ್ಕ. ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ, ಈ ಟ್ರಾಫಿಕ್ಕಲ್ಲಿ..."

"ಪಾರ್ಲರ್ ಮುಚ್ಚಿದೀಯ?"

"ತಲೆನೋವು."

"ಸುನೀಲ್ ಮೆಸೇಜ್ ಮಾಡಿದ್ನಾ?"

"ಹ್ಞೂಂ, ಬೆಳಗ್ಗೆ. ಇಬ್ರೂ ಚೆನ್ನಾಗಿದಾರಂತೆ. ಕಾಫಿ ತರ್ತೀನಿ ಇರಿ."

"ಕಾಫಿ ಬೇಡ. ಮೆಸೇಜ್ ತೋರ್ಸು."

ಯಶೋಧಾಳ ಕೈ ಫೋನಿನ ಮೇಲೆ ಹೋಗಿ ಅಲ್ಲೇ ಕೂತಿತು. ಇಷ್ಟು ಸಾಕಾಯಿತು ಗೌಹರ್‌ಗೆ. ತಾನೇ ಫೋನು ಎಳೆದುಕೊಂಡಳು. ಕೆಂಪು ಚುಕ್ಕೆಯಿಂದ ಬಂದಿದ್ದ ಸಾಲು ಹೀಗಿತ್ತು: "ನಾವಿಬ್ಬರೂ ಕ್ಷೇಮವಾಗಿದ್ದೇವೆ. ಚಿಂತಿಸಬೇಡಿ." ಅದಕ್ಕೆ ಹಿಂದಿನವೆಲ್ಲ "ಏನೇ, ಉಂಡ್ಯಾ" ಎಂಬಂಥವು.

"ಯಾವತ್ತಿಂದ ಗೊತ್ತು ನಿಂಗೆ?" ಗೌಹರ್ ಕೇಳಿದಳು. ದನಿ ಅವಳಿಗೇ ಹೊಸದೆನಿಸುವಷ್ಟು ತಣ್ಣಗಿತ್ತು.

"ಏನ್ ಅಕ್ಕ?"

"ಯಶೋಧಾ, ನನ್ ಹತ್ರ ನಾಟಕ ಬೇಡ. ದಿನಕ್ಕೆ ಇಂಥ ಹತ್ತು ಜನಾನ ನೋಡ್ತೀನಿ. ನನ್ ಗಂಡ ಎಲ್ಲಿ?"

ಯಶೋಧಾಳ ಬಾಯಿಂದ ಕಟ್ಟೆ ಒಡೆದಂತೆ ಮಾತು ಬಂತು. "ಯಾರೂ ಹೇಳಿಲ್ಲ ಅಕ್ಕ, ದೇವ್ರಾಣೆ ಯಾರೂ ಹೇಳಿಲ್ಲ. ನಿನ್ನೆ ಚುಕ್ಕೆ ಎರಡೂ ಒಂದೇ ಆಗಿತ್ತಲ್ಲ, ನಿಮ್ಮವ್ರು ನಮಾಜಿಗೂ ನಿಲ್ಲಿಲ್ಲ. ಅವ್ರಿಗೆ ಏನೋ ಆಗಿದೆ, ಸುನೀಲೇ ಎರಡೂ ಹಾಕ್ಕೊಂಡವ್ನೆ ಅನ್ಸ್ತು. ಇನ್ನ ಸ್ವಲ್ಪಾನೇ ದೂರ ಉಳಿದಿರೋದು. ಆರು ವರ್ಷದಿಂದ ಇದೇ ಕನಸು ಅವ್ನಿಗೆ. ಬಾಯಿ ಬಿಟ್ರೆ ಎಲ್ಲಾ ಹಾಳಾಗುತ್ತೆ ಅಂತ..."

"ಸುಮ್ನಿದ್ದೆ."

"ರಿಯಾಜ್ ಭಾಯಿ ಜೊತೇಲಿ ಇರ್ತಾರಲ್ಲ, ನೋಡ್ಕೋತಾರೆ ಅಂತ ಸುಮ್ನಿದ್ದೆ."

ಗೌಹರ್ ಮೈಯೆಲ್ಲ ಉರಿದುಹೋಯಿತು. ಈದ್‌ಗೆ ಬಿರಿಯಾನಿ ಉಂಡು ಹೋದವಳು, ಅಕ್ಕ ಅಕ್ಕ ಎಂದು ಬಾಯಿ ತುಂಬ ಕರೆಯುವವಳು, ಒಂದಿಡೀ ದಿನ ತನ್ನ ಗಂಡ ಸತ್ತನೋ ಬದುಕಿದನೋ ಎಂದು ಕೇಳದೆ ಹುಬ್ಬು ತಿದ್ದಿಕೊಂಡು ಕೂತಿದ್ದಳು. "ಥೂ ನಿನ್ನ. ಅವ್ನು ಓಡೋ ಓಟಕ್ಕೆ ನನ್ ಗಂಡನ್ ಜೀವಾನ ಬಲಿ ಕೊಟ್ಯಾ?" ಎಂದಳು. ಇನ್ನೂ ಅನ್ನುವುದು ಬಹಳ ಇತ್ತು. ಅಷ್ಟರಲ್ಲಿ ಜಗುಲಿಯಿಂದ ಎದ್ದು ಬಂದು ಅವಳ ಹೆಗಲ ಹಿಂದೆ ನಿಂತಿದ್ದ ಮುನಿವೆಂಕಟಯ್ಯನವರು, "ಏನ್ರವ್ವಾ ಅದು, ನಿಂತೋಯ್ತಲ್ಲ?" ಎಂದರು. ಅವರ ಬೆರಳು ಗೌಹರಳ ಕೈಯಲ್ಲಿದ್ದ ಫೋನಿನಲ್ಲಿ ಮೆಸೇಜಿನ ಕೆಳಗಿದ್ದ ನಕ್ಷೆಯ ಕಡೆ ಇತ್ತು.

ಚುಕ್ಕೆಗಳು ನಿಂತಿದ್ದವು.

ಮೂವರೂ ಬಗ್ಗಿ ನೋಡಿದರು. ನಕ್ಷೆ ಒಮ್ಮೆ ಹೊಸದಾಯಿತು. ಚುಕ್ಕೆಗಳು ಅಲ್ಲೇ ಇದ್ದವು. ಇನ್ನೊಮ್ಮೆ ಹೊಸದಾಯಿತು, ಅಲ್ಲೇ. ಗೌಹರ್ ಗೋಡೆ ಗಡಿಯಾರ ನೋಡಿ, ಅಲ್ಲಿನ ಹೊತ್ತನ್ನು ಲೆಕ್ಕ ಹಾಕಿದಳು. ಇಳಿಹೊತ್ತು. ಬೂಟು ಬಿಚ್ಚುವಷ್ಟು ಸಮಯವಾಯಿತು. ನೀರು ಉಳಿಸಲು ಮರಳಿಗೆ ಕೈ ಒತ್ತಿ ಮುಖಕ್ಕೆ, ತೋಳಿಗೆ ಸವರಿಕೊಳ್ಳುವಷ್ಟು. ಪ್ರಯಾಣದಲ್ಲಿರುವವನ ನಮಾಜು ಚಿಕ್ಕದು, ಅದೂ ಮುಗಿಯುವಷ್ಟು. ಬೂಟು ಕೊಡವಿ ಮತ್ತೆ ಕಟ್ಟಿಕೊಳ್ಳುವಷ್ಟು. ಆಮೇಲೆ ಚುಕ್ಕೆಗಳು ಕದಲಿ ಮುಂದಕ್ಕೆ ಹೊರಟವು.

ಗೌಹರ್ ಕಣ್ಣು ಮುಚ್ಚಿದಳು. ಯಾ ಅಲ್ಲಾಹ್, ಇದ್ದಾನೆ. ಕಾಲ ಮೇಲೆ ನಿಂತಿದ್ದಾನೆ, ಬಾಗಿದ್ದಾನೆ, ಎದ್ದಿದ್ದಾನೆ.

"ನೋಡಿ ಅಕ್ಕ!" ಯಶೋಧಾ ಅವಳ ತೋಳು ಹಿಡಿದುಕೊಂಡಳು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗುವಿತ್ತು. "ನಿಮ್ಮವ್ರು ಇದಾರೆ! ಇಬ್ರೂ ಜೊತೇಲೇ ಇದಾರೆ. ನಾವೇ ಏನೇನೋ ಅಂದ್ಕೊಂಡ್ವಿ. ತಪ್ಪಾಯ್ತು ಅಕ್ಕ, ನಾನು ಪಾಪಿ."

ಗೌಹರ್ ಕಣ್ಣು ತೆರೆದಳು. ಈಗತಾನೆ ಎರಡೂ ಚುಕ್ಕೆ ನಿಂತು ಹೊರಟಿದ್ದವು. ಹಸಿರೊಂದೇ ಅಲ್ಲ, ಕೆಂಪೂ ನಿಂತಿತ್ತು. ಕೆರೆ ದಂಡೆಯಲ್ಲಿ ಒಂದು ದಿನವೂ ನಿಲ್ಲದ ಸುನೀಲ್, ಮರಳಿನಲ್ಲಿ ಇಷ್ಟು ದಿನ ಒಂದು ಸಂಜೆಯೂ ನಿಲ್ಲದ ಸುನೀಲ್, ಇವತ್ತು ನಮಾಜಿನ ಉದ್ದಕ್ಕೂ ನಿಂತು, ನಮಾಜು ಮುಗಿದ ಕ್ಷಣಕ್ಕೆ ಹೊರಟ. ಯಶೋಧಾಳಿಗೆ ಬಂದ ಮೆಸೇಜಿನ ಪುಸ್ತಕದಂಥ ಕನ್ನಡ ಯಾರದೆಂದು ಈಗ ಹೊಳೆಯಿತು. ಅಂಗಡಿಯ ಬೋರ್ಡು ಬರೆಸುವಾಗಲೂ ತಪ್ಪು ಬರಬಾರದೆಂದು ಮೂರು ಸಲ ಓದುವ ಮುದಸ್ಸಿರನದು. ಎರಡು ಟ್ರ್ಯಾಕರ್ ಹೊತ್ತವನು ಸುನೀಲನಲ್ಲ. ಸುನೀಲ್ ಅಲ್ಲಿ ಇಲ್ಲವೇ ಇಲ್ಲ.

ನಿನ್ನೆ ಅವನು ನಮಾಜಿಗೆ ಏಕೆ ನಿಲ್ಲಲಿಲ್ಲ ಎಂಬುದೂ ತಿಳಿಯಿತು. ನಿಂತರೆ ಹೆಂಡತಿ ಹಿಡಿದುಬಿಡುತ್ತಾಳೆಂಬ ಭಯ. ದೇವರ ಹೊತ್ತನ್ನು ಬಿಟ್ಟನಲ್ಲ ಈ ಮನುಷ್ಯ, ತನ್ನ ಕಣ್ಣಿಗೆ ಹೆದರಿ! ಗೌಹರ್‌ಗೆ ನಾಚಿಕೆಯಾಯಿತು, ಜೊತೆಗೆ ಕೆಟ್ಟ ಕೋಪವೂ ಬಂತು.

ಯಶೋಧಾ ಇನ್ನೂ ತೋಳು ಬಿಟ್ಟಿರಲಿಲ್ಲ. ಕಾಫಿ ಮಾಡುತ್ತೇನೆ, ದೋಸೆ ಹಿಟ್ಟಿದೆ, ತಿಂದೇ ಹೋಗಬೇಕು ಎನ್ನುತ್ತಿದ್ದಳು. ಈಗ ಗೌಹರ್ ಬಾಯಿ ಮುಚ್ಚಿಕೊಂಡು ಕಾಫಿ ಕುಡಿದು ಮನೆಗೆ ಹೋಗಬಹುದಿತ್ತು. ತನ್ನವನು ಕ್ಷೇಮ. ಇನ್ನು ಸ್ವಲ್ಪವೇ ದೂರ. ಅವನು ಮುಟ್ಟಿದರೆ ಪೇಪರಿನಲ್ಲಿ ಫೋಟೋ ಬರುತ್ತದೆ, ಈಗ ಬಾಯಿ ಬಿಟ್ಟರೆ ಊರೆಲ್ಲ ಮೋಸಗಾರ ಎನ್ನುತ್ತದೆ. ರಿಯಾಜ್ ಇದ್ದಾನಲ್ಲ, ಸುನೀಲನನ್ನು ನೋಡಿಕೊಳ್ಳುತ್ತಾನೆ. ಇಷ್ಟು ಯೋಚಿಸಿದ ಮೇಲೆ, ಇದೇ ಮಾತನ್ನು ಯಶೋಧಾಳ ಬಾಯಲ್ಲಿ ಈಗತಾನೆ ಕೇಳಿ ಥೂ ಎಂದಿದ್ದು ನೆನಪಾಗಿ, ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ಯಶೋಧಾ, ಕೂತ್ಕೋ."

"ಯಾಕಕ್ಕ?"

"ಸುನೀಲ್ ಯಾವತ್ತಾದ್ರೂ ಅಸರ್‌ಗೆ ನಿಂತಿದಾನಾ?"

ಯಶೋಧಾಳ ನಗು ಮುಖದ ಮೇಲೆ ಇನ್ನೂ ಒಂದು ಗಳಿಗೆ ಉಳಿಯಿತು. ಅವಳೂ ಆ ಚುಕ್ಕೆಗಳನ್ನು ಇಷ್ಟು ದಿನ ನೋಡಿದವಳೇ, ಬಿಡಿಸಿ ಹೇಳಬೇಕಾಗಲಿಲ್ಲ. ಸೋಫಾದ ಅಂಚು ಹಿಡಿದುಕೊಂಡು ಮೆಲ್ಲಗೆ ಕೂತಳು.

"ಮಾಮಾ, ನಿಮ್ ಫೋನ್ ಕೊಡಿ" ಎಂದಳು ಗೌಹರ್. ತಮ್ಮಿಬ್ಬರ ನಂಬರು ಕಂಡರೆ ರಿಯಾಜ್ ಎತ್ತುವುದಿಲ್ಲ, ಮುದುಕರ ನಂಬರು ಅವನಿಗೆ ಗೊತ್ತಿರುವುದಿಲ್ಲ. ಲೆಕ್ಕ ಸರಿಯಾಗಿತ್ತು. ಎರಡನೇ ರಿಂಗಿಗೇ ಎತ್ತಿದ. ಗೌಹರ್ ಎಲ್ಲಿದ್ದೀಯ ಎಂದು ಕೇಳಲಿಲ್ಲ, ಸುಳ್ಳಿಗೆ ಜಾಗ ಕೊಡಲಿಲ್ಲ.

"ರಿಯಾಜ್, ಸುನೀಲ್ ಕೈಸಾ ಹೈ ರೇ?"

ಆ ಕಡೆ ಯಾರೋ ಅರಬಿಯಲ್ಲಿ ಯಾರನ್ನೋ ಕೂಗುತ್ತಿದ್ದರು, ಸ್ಟ್ರೆಚರಿನ ಗಾಲಿ ಕಿರುಗುಟ್ಟಿತು. "ಭಾಭಿ... ಆಪ್ಕು ಕೋನ್ ಬೋಲೆ?" ಎಂದು, ಯಾರು ಹೇಳಿದರೆಂದು ಕೇಳಿದ ರಿಯಾಜ್. ಆಮೇಲೆ ಎಲ್ಲವನ್ನೂ ಕಕ್ಕಿದ. ಮೊನ್ನೆ ಸಂಜೆ ಸುನೀಲನ ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು, ರಾತ್ರಿ ನೀರು ಕುಡಿದಷ್ಟೂ ವಾಂತಿ. ಜೀಪಿಗೆ ಎತ್ತಿ ಹಾಕುವಾಗ ಅವನೇ ತನ್ನ ಟ್ರ್ಯಾಕರ್ ಬಿಚ್ಚಿ ಮುದಸ್ಸಿರನ ಕೈಗೆ ತುರುಕಿದ್ದ. ಚುಕ್ಕೆ ನಿಂತರೆ ಯಶೋಧಾ ಹೆದರಿ ಸಾಯುತ್ತಾಳೆ, ನಡೆಸಿಕೊಂಡು ಹೋಗು, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಇಡು ಎಂದು ಅತ್ತಿದ್ದ. ಮೂತ್ರಪಿಂಡಕ್ಕೆ ಪೆಟ್ಟಾಗಿದೆ. ಈಗ ಡ್ರಿಪ್ ಏರುತ್ತಿದೆ, ಮಾತಾಡುತ್ತಿದ್ದಾನೆ, ಡಾಕ್ಟರು ಉಳಿಯುತ್ತಾನೆ ಅಂದಿದ್ದಾರೆ.

"ಔರ್ ತುಮ್ಹಾರಾ ಭಾಯಿ? ಅವ್ನ ಹತ್ರ ಯಾರಿದಾರೆ?"

ಯಾರೂ ಇರಲಿಲ್ಲ. ರಿಯಾಜ್ ಅವನ ಗಾಡಿಯ ತುಂಬ ನೀರು ತುಂಬಿಕೊಟ್ಟು ಬಂದಿದ್ದ, ನಾಳೆ ವಾಪಸು ಹೋಗುವವನಿದ್ದ. ಆ ಹಳದಿ ಬಣ್ಣದ ಖಾಲಿಯಲ್ಲಿ ಎರಡು ದಿನದಿಂದ ಮುದಸ್ಸಿರ್ ಒಬ್ಬನೇ, ಇಬ್ಬರಂತೆ ಕಾಣಿಸಿಕೊಳ್ಳುತ್ತ, ಓಡುತ್ತಿದ್ದ.

"ನಾಳೆ ಅಲ್ಲ, ಈಗ್ಲೇ ಹೊರಡು. ದಾಖಲೆ ಗೀಖಲೆ ಮಣ್ಣು ಪಾಲಾಗ್ಲಿ" ಎಂದು ಗೌಹರ್ ಫೋನನ್ನು ಯಶೋಧಾಳ ಕೈಗೆ ಕೊಟ್ಟಳು. ಯಶೋಧಾ ಗಂಡನನ್ನು ಫೋನಿಗೆ ಕರೆಸಿ, ಮೊದಲು ಅತ್ತಳು, ಆಮೇಲೆ ಹಿಗ್ಗಾಮುಗ್ಗಾ ಬೈದಳು, ಮತ್ತೆ ಅತ್ತಳು. ಮುನಿವೆಂಕಟಯ್ಯನವರು ಸೊಸೆಯ ಕಿವಿಯ ಹತ್ತಿರ ಬಗ್ಗಿ, "ಮಗಾ, ನೀರ್ ಕುಡೀತಿದೀಯೇನ್ಲಾ?" ಎಂದು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೂಗುತ್ತಿದ್ದರು.

ಗೌಹರ್ ಮೂಲೆಯ ಕುರ್ಚಿಯಲ್ಲಿ ಕೂತು ಹಸಿರು ಚುಕ್ಕೆಗೆ ಬರೆದಳು. ಸುನೀಲ್ ವಿಷಯ ಗೊತ್ತಾಯಿತು, ಯಶೋಧಾಗೂ ಗೊತ್ತಾಯಿತು, ರಿಯಾಜ್ ಹೊರಟಿದ್ದಾನೆ, ಅಲ್ಲೇ ನಿಲ್ಲು. ಕಳಿಸಿದ ಮೇಲೆ, ಕೈ ತಡೆಯದೆ ಇನ್ನೊಂದು ಸಾಲು ಹಾಕಿದಳು: ನನಗೆ ಹೆದರಿ ನಿನ್ನೆ ನಮಾಜು ಬಿಟ್ಟೆಯಾ?

ಉಪಗ್ರಹ ತನ್ನ ಪಾಡಿಗೆ ತಾನು ನಿಧಾನ ಮಾಡಿತು. ಚುಕ್ಕೆಗಳು ನಿಂತವು. ಬಹಳ ಹೊತ್ತಿನ ಮೇಲೆ ಮನೆಮಾತಿನಲ್ಲಿ ಉತ್ತರ ಬಂತು.

"ಹೌದು, ನಿನ್ನೆ ನಿನಗೆ ಹೆದರಿದೆ. ರಾತ್ರಿ ಒಬ್ಬನೇ ಮಲಗಿದ ಮೇಲೆ ಮರಳಿಗೆ ಹೆದರಿದೆ. ಬಾಯಿಬಿಟ್ಟು ಹೇಳುವುದಿಲ್ಲ ಎಂದು ಸುನೀಲನಿಗೆ ಆಣೆ ಇಟ್ಟಿದ್ದೆ. ಅದಕ್ಕೇ ಇವತ್ತು, ನೀನು ನೋಡಲಿ ಎಂದು ನಿಂತೆ."

ಗೌಹರ್ ಫೋನನ್ನು ಮಡಿಲಲ್ಲಿಟ್ಟುಕೊಂಡು, ಮಾವ ಸೊಸೆ ಇಬ್ಬರೂ ಮಾತು ನಿಲ್ಲಿಸಿ ತನ್ನನ್ನೇ ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ, ದುಪಟ್ಟಾದಲ್ಲಿ ಮುಖ ಮುಚ್ಚಿ ಗಟ್ಟಿಯಾಗಿ ಅತ್ತುಬಿಟ್ಟಳು.